ಅಳಿದುಹೋದ ಖತಾವಣಿ

ಲೆಕ್ಕ ಬರೆಯುವವನ ಕೈಯಿಂದ ತಪ್ಪಾಗುವುದು ಹೊಸ ಸಂಗತಿಯೇನೂ ಅಲ್ಲ. ನಮ್ಮ ತಂದೆಯವರು ಕೆಂಪು ಬಟ್ಟೆಯ ರಟ್ಟಿನ ಕಿರ್ದಿಯಲ್ಲಿ ತಪ್ಪು ಅಂಕಿ ಬಿದ್ದರೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು, ಸಹಿ ಮಾಡುತ್ತಿದ್ದರು. ಅಂಕಿಯನ್ನು ಉಜ್ಜಿ ಅಳಿಸುವುದಾಗಲಿ ಹಾಳೆ ಹರಿಯುವುದಾಗಲಿ ನಮ್ಮ ಅಂಗಡಿಯಲ್ಲಿ ನಿಷಿದ್ಧವಾಗಿತ್ತು. ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು ಎಂಬುದು ಅವರ ನಿಯಮ. ಅಂಥ ಮನೆಯಲ್ಲಿ ಬೆಳೆದ ನಾನು 2018ರ ಆಗಸ್ಟ್ ತಿಂಗಳಿನ ಒಂದು ಮಧ್ಯಾಹ್ನ ಒಂದೆರಡು ಗುಂಡಿಗಳನ್ನು ಒತ್ತಿ, ಒಂಬತ್ತು ವರ್ಷಗಳ ಖತಾವಣಿಯನ್ನು ಗೆರೆಯೂ ಉಳಿಯದಂತೆ ಅಳಿಸಿಬಿಟ್ಟೆ. ಆ ಕಥೆಯನ್ನು ವಾಚಕರ ಮುಂದೆ ಇಡುವುದಕ್ಕೆ ಸಂಕೋಚವಿದೆ. ಆದರೆ ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿರುವ ಕುಟುಂಬಗಳಿಗೂ ಬಸದಿಗಳ ಟ್ರಸ್ಟುಗಳಿಗೂ ಇದರಿಂದ ಏನಾದರೂ ಪ್ರಯೋಜನವಾದೀತೆಂದು ಬರೆಯುತ್ತಿದ್ದೇನೆ.

ನಮ್ಮದು ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಝಳಕಿ. ಇಂಡಿ ಸೀಮೆಯ ಲಿಂಬೆ ಹೆಸರುವಾಸಿಯಾದದ್ದು. ಸುತ್ತಲಿನ ಹಳ್ಳಿಗಳಿಂದಲೂ ಭೀಮಾ ನದಿಯ ಆಚೆ ದಡದ ಮಹಾರಾಷ್ಟ್ರದ ಕನ್ನಡ ಹಳ್ಳಿಗಳಿಂದಲೂ ರೈತರು ಕಾಯಿ ತರುತ್ತಾರೆ. ನಮ್ಮದು ಅಡತಿಯ ಅಂಗಡಿ. ಮಾರಿದ ಮಾಲಿನ ಹಣವನ್ನು ಎಲ್ಲ ರೈತರೂ ಅಂದೇ ಒಯ್ಯುವುದಿಲ್ಲ. ಬಿತ್ತನೆಗೆ, ಮಗಳ ಮದುವೆಗೆ, ಕೊಳವೆಬಾವಿಗೆ ಬೇಕಾದಾಗ ಕೇಳುತ್ತೇವೆಂದು ಅಂಗಡಿಯಲ್ಲಿಯೇ ಜಮೆ ಇಡುವವರು ಬಹಳ. ಇನ್ನು ಕೆಲವರು ಮೊದಲೇ ಮುಂಗಡ ಪಡೆದು ಕಾಯಿ ಬಂದಾಗ ತೀರಿಸುತ್ತಾರೆ. ಕಾಗದಪತ್ರ ಬಹಳವಿಲ್ಲದ, ಬಾಯಿಮಾತಿನ ಮೇಲೆ ನಡೆಯುವ ಈ ವ್ಯವಹಾರಕ್ಕೆ ಆಧಾರವೆಂದರೆ ಅಂಗಡಿಯ ಖತಾವಣಿ ಒಂದೇ. ಅಂದು ಅದರಲ್ಲಿ 214 ರೈತರ ಖಾತೆಗಳಿದ್ದವು.

2009ರಲ್ಲಿ ಪರಿಚಯದ ವಿದ್ಯಾರ್ಥಿಯೊಬ್ಬ ಈ ಲೆಕ್ಕಕ್ಕಾಗಿ ಗಣಕಯಂತ್ರದಲ್ಲಿ ಒಂದು ಕಾರ್ಯಕ್ರಮ ಬರೆದುಕೊಟ್ಟಿದ್ದ. ಮಾಹಿತಿಯೆಲ್ಲ ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ಭಂಡಾರದಲ್ಲಿ ಕೂಡಿರುತ್ತಿತ್ತು. ಅದರ ಒಳರಚನೆಯನ್ನು ಗ್ರಂಥಭಂಡಾರದ ಹೋಲಿಕೆಯಿಂದ ಹೇಳಬಹುದು. ಓಲೆಗಳ ಕಟ್ಟುಗಳು ಬೇರೆ. ಯಾವ ಕಟ್ಟು ಯಾವ ಗ್ರಂಥ, ಅದರ ಓಲೆಗಳೆಷ್ಟು ಎಂದು ತಿಳಿಸುವ ಸೂಚಿ ಬೇರೆ. ಸೂಚಿ ಕಳೆದರೆ ಕಟ್ಟುಗಳು ಕಣ್ಣೆದುರಿಗಿದ್ದರೂ ಭಂಡಾರ ಮೂಕವಾಗುತ್ತದೆ. ನಮ್ಮ ಯಂತ್ರದಲ್ಲಿ ಆ ಸೂಚಿಯು ಒಂದು ದೊಡ್ಡ ವ್ಯವಸ್ಥಾ ಕಡತದಲ್ಲಿತ್ತು. ಅದರಲ್ಲಿ ಸೂಚಿಯಷ್ಟೇ ಅಲ್ಲದೆ ಮೊದಲ ವರ್ಷಗಳಲ್ಲಿ ರಚಿಸಿದ ಕೋಷ್ಟಕಗಳೂ ಅಡಗಿದ್ದವು. ಜಮೆ ಮತ್ತು ಮುಂಗಡದ ಕೋಷ್ಟಕ ಅವುಗಳಲ್ಲಿ ಒಂದು. 2014ರಲ್ಲಿ ಹೊಸ ಆವೃತ್ತಿ ಹಾಕಿಸಿದ ಮೇಲೆ ರಚಿತವಾದ ದಿನವಹಿ ಮಾರಾಟದ ಕೋಷ್ಟಕ ಮಾತ್ರ ತನ್ನದೇ ಪ್ರತ್ಯೇಕ ಕಡತದಲ್ಲಿತ್ತು. ಇದೆಲ್ಲ ನನಗೆ ತಿಳಿದದ್ದು ಅನಾಹುತವಾದ ಮೇಲೆ.

ಆ ದಿನ ಯಂತ್ರದಲ್ಲಿ ಸ್ಥಳ ಸಾಲದೆಂಬ ಸೂಚನೆ ಬಂತು. ಹುಡುಕಿದಾಗ ಲಾಗ್ ಎಂಬ ಹೆಸರಿನ ಎರಡು ಕಡತಗಳೂ ಅವುಗಳ ಪಕ್ಕದಲ್ಲಿ ಬಹಳ ದೊಡ್ಡದಾದ ಇನ್ನೊಂದು ಕಡತವೂ ಕಂಡವು. ಹಳೆಯ ಕಸವಿರಬೇಕೆಂದು ಬಗೆದೆ. ಅಳಿಸಲು ಹೋದರೆ, ಬಳಕೆಯಲ್ಲಿದೆ, ಆಗದು ಎಂದು ಯಂತ್ರ ತಡೆಯಿತು. ನಾನು ಅದರ ಮಾತು ಕೇಳಲಿಲ್ಲ. ಭಂಡಾರದ ಸೇವೆಯನ್ನೇ ನಿಲ್ಲಿಸಿ, ಕಸದ ಬುಟ್ಟಿಗೂ ಹೋಗದಂತೆ ಮೂರನ್ನೂ ನೇರವಾಗಿ ಅಳಿಸಿದೆ. ಮತ್ತೆ ಚಾಲನೆ ಕೊಟ್ಟಾಗ ಭಂಡಾರ ಹೊಸದಾದ ಖಾಲಿ ಕಡತವೊಂದನ್ನು ತಾನೇ ಸೃಷ್ಟಿಸಿಕೊಂಡಿತು. ತೆರೆದು ನೋಡಿದರೆ ಯಾವ ರೈತನ ಹೆಸರೂ ಇಲ್ಲ, ಯಾರ ಜಮೆಯೂ ಇಲ್ಲ.

ಗಾಬರಿಯಲ್ಲಿ ಮನುಷ್ಯ ಮಾಡುವ ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ನಾನು ಕಾರ್ಯಕ್ರಮವನ್ನು ತೆಗೆದು ಮತ್ತೆ ಹಾಕಿದೆ. ಏನೇನನ್ನೋ ಇಳಿಸಿಕೊಂಡು ಪ್ರಯೋಗ ಮಾಡಿದೆ. ಸಂಜೆ ಅಂಗಡಿಯ ಬಾಗಿಲಿಗೆ ‘ಕಂಪ್ಯೂಟರ್ ಕೆಟ್ಟಿದೆ, ಲೆಕ್ಕ ಎರಡು ದಿನ ನಿಂತಿದೆ’ ಎಂದು ಹಾಳೆ ಅಂಟಿಸಿದೆ. ರಾತ್ರಿ ಊಟಕ್ಕೆ ಕುಳಿತಾಗ ಅವ್ವ ಕೇಳಿದಳು: “ತಮ್ಮಾ, ಅದು ತಾನ ಕೆಟ್ಟೈತೇನು, ನೀ ಕೆಡಿಸಿದಿಯೇನು?” ನಾನು ಉತ್ತರ ಕೊಡಲಿಲ್ಲ. “ಹಂಗಾರ ಹಂಗ ಬರಿ” ಎಂದಷ್ಟೇ ಹೇಳಿ ಸುಮ್ಮನಾದಳು. ಮರುದಿನ ಬೆಳಿಗ್ಗೆ ಆ ಹಾಳೆಯನ್ನು ಕಿತ್ತು, ‘ನನ್ನ ತಪ್ಪಿನಿಂದ ಜಮಾ ಲೆಕ್ಕ ಅಳಿಸಿಹೋಗಿದೆ’ ಎಂದು ಬೇರೆ ಹಾಳೆ ಅಂಟಿಸಿದೆ. ಅಷ್ಟು ಬರೆಯಲು ಒಂದು ರಾತ್ರಿ ಬೇಕಾಯಿತು.

ಸೊಲ್ಲಾಪುರದಿಂದ ಬಂದ ತಂತ್ರಜ್ಞರೊಬ್ಬರು ಮೊದಲು ಮಾಡಿದ ಕೆಲಸವೆಂದರೆ ವಿದ್ಯುತ್ತಿನ ತಂತಿ ಕಿತ್ತದ್ದು. ಕಡತವನ್ನು ಅಳಿಸಿದಾಗ ಅದರ ಹೆಸರು ಮತ್ತು ವಿಳಾಸ ಮಾತ್ರ ಪಟ್ಟಿಯಿಂದ ಹೋಗುತ್ತವೆ. ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಬರಹವು ಇದ್ದಲ್ಲಿಯೇ ಇರುತ್ತದೆ. ಅದೇ ಜಾಗದ ಮೇಲೆ ಬೇರೆ ಬರಹ ಬೀಳುವವರೆಗೆ ಅದು ಬದುಕಿರುತ್ತದೆ ಎಂದು ವಿವರಿಸಿದರು. ಅಳಿಸಿದ ಕ್ಷಣವೇ ಯಂತ್ರವನ್ನು ಮುಟ್ಟದೆ ಬಿಟ್ಟಿದ್ದರೆ ಬಹುಶಃ ಎಲ್ಲವೂ ಸಿಗುತ್ತಿತ್ತು. ಸರಿಪಡಿಸುವ ಆತುರದಲ್ಲಿ ನಾನೇ ಅದರ ಮೇಲೆ ಹೊಸದನ್ನು ಬರೆದಿದ್ದೆ. ಅವರು ಡಿಸ್ಕನ್ನು ಬಿಚ್ಚಿ, ಅದರ ಪೂರ್ಣ ಪ್ರತಿಯೊಂದನ್ನು ತೆಗೆದು, ಮೂಲವನ್ನು ಮುಟ್ಟದೆ ಆ ಪ್ರತಿಯ ಮೇಲೆಯೇ ಕೆಲಸಕ್ಕೆ ತೊಡಗಿದರು.

ನನಗೆ ಒಂದು ಧೈರ್ಯವಿತ್ತು. ಪ್ರತಿ ರಾತ್ರಿ ಹತ್ತು ಗಂಟೆಗೆ ಇಡೀ ಲೆಕ್ಕದ ಪ್ರತಿಯೊಂದು ತಾನಾಗಿ ತಯಾರಾಗುವ ಏರ್ಪಾಡಿತ್ತು. ಆ ಕಪಾಟನ್ನು ತೆರೆದರೆ ದಿನಾಂಕ ಸಹಿತ ನೂರಾರು ಕಡತಗಳು ಸಾಲಾಗಿ ನಿಂತಿದ್ದವು. ಆದರೆ ಜನವರಿಯಿಂದ ಈಚಿನ ಪ್ರತಿಯೊಂದರ ಗಾತ್ರವೂ ಸೊನ್ನೆ. ಸಂಕ್ರಾಂತಿಯ ಹೊತ್ತಿಗೆ ನಾನು ಭಂಡಾರದ ಗುಪ್ತಪದ ಬದಲಿಸಿದ್ದೆ. ರಾತ್ರಿಯ ಏರ್ಪಾಡಿಗೆ ಅದನ್ನು ತಿಳಿಸಿರಲಿಲ್ಲ. ಅದು ಏಳು ತಿಂಗಳ ಕಾಲ ಪ್ರತಿ ರಾತ್ರಿ ಬಾಗಿಲು ತಟ್ಟಿ, ಒಳಗೆ ಹೋಗಲಾರದೆ, ಖಾಲಿ ಹಾಳೆಯ ಮೇಲೆ ದಿನಾಂಕ ಬರೆದು ಇಟ್ಟು ಹೋಗಿತ್ತು. ಆ ಏಳು ತಿಂಗಳಲ್ಲಿ ಒಂದನ್ನಾದರೂ ನಾನು ತೆರೆದು ನೋಡಿರಲಿಲ್ಲ.

ಇದು ಹಳ್ಳಿಯ ಅಂಗಡಿಕಾರನ ಅಜ್ಞಾನದಿಂದ ಮಾತ್ರ ಆಗುವ ತಪ್ಪೆಂದು ತಿಳಿಯಬೇಕಾಗಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಅಂತರರಾಷ್ಟ್ರೀಯ ತಂತ್ರಾಂಶ ಸಂಸ್ಥೆಯಲ್ಲಿ ತಂತ್ರಜ್ಞರೊಬ್ಬರು ಸಹಾಯಕ ಯಂತ್ರದ ದತ್ತಾಂಶವನ್ನು ತೆಗೆಯುತ್ತಿದ್ದೇನೆಂದು ಭಾವಿಸಿ ಪ್ರಧಾನ ಯಂತ್ರದ್ದನ್ನೇ ಅಳಿಸಿದರು. ಸುಮಾರು 300 ಗಿಗಾಬೈಟ್ ದತ್ತಾಂಶದಲ್ಲಿ ತಡೆಯುವ ಹೊತ್ತಿಗೆ ಉಳಿದದ್ದು ನಾಲ್ಕೂವರೆ ಮಾತ್ರ. ಪ್ರತಿ ತೆಗೆಯುವ ಹಲವು ವ್ಯವಸ್ಥೆಗಳು ಅಲ್ಲಿದ್ದವು; ಅವಸರಕ್ಕೆ ಅವು ಒದಗಲಿಲ್ಲ. ನಿತ್ಯದ ಪ್ರತಿ ಆವೃತ್ತಿಗಳ ಹೊಂದಾಣಿಕೆಯಿಲ್ಲದೆ ಬಹಳ ದಿನಗಳಿಂದ ವಿಫಲವಾಗುತ್ತಿತ್ತು. ಅದನ್ನು ತಿಳಿಸುವ ಪತ್ರಗಳು ಯಾರಿಗೂ ತಲುಪುತ್ತಿರಲಿಲ್ಲ. ಬೇರೊಂದು ಕಾರ್ಯಕ್ಕಾಗಿ ಆರು ಗಂಟೆಗಳ ಹಿಂದೆ ತೆಗೆದಿದ್ದ ಒಂದು ಪ್ರತಿ ದೈವಯೋಗದಿಂದ ಇದ್ದುದರಿಂದ ಸಂಸ್ಥೆ ಉಳಿಯಿತು. ಆ ಆರು ಗಂಟೆಗಳ ದತ್ತಾಂಶ ಮಾತ್ರ ಶಾಶ್ವತವಾಗಿ ಹೋಯಿತು. ನನಗೆ ಮೆಚ್ಚಿಕೆಯಾದದ್ದು ಅವರ ನಡೆ. ದುರಸ್ತಿಯ ಕೆಲಸವನ್ನು ಅವರು ಲೋಕವೆಲ್ಲ ನೋಡುವಂತೆ ಬಹಿರಂಗವಾಗಿ ನಡೆಸಿದರು. ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ವರದಿ ಬರೆದರು. ದೋಷವನ್ನು ಒಬ್ಬನ ತಲೆಗೆ ಕಟ್ಟದೆ ವ್ಯವಸ್ಥೆಯ ಲೋಪವೆಂದು ಒಪ್ಪಿದರು.

ನಮ್ಮ ಪಾಲಿಗೆ ಉಳಿದದ್ದು ಇಷ್ಟು. ದಿನವಹಿ ಮಾರಾಟದ ಕೋಷ್ಟಕ ಬೇರೆ ಕಡತದಲ್ಲಿದ್ದುದರಿಂದ ಅದು ಪೂರ್ಣವಾಗಿ ಸಿಕ್ಕಿತು. ಅದೇ ರಚನೆಯ ಖಾಲಿ ಕೋಷ್ಟಕವನ್ನು ಹೊಸದಾಗಿ ನಿರ್ಮಿಸಿ, ಅದರ ಖಾಲಿ ಕಡತವನ್ನು ಬಿಡಿಸಿ, ಹಳೆಯ ಕಡತವನ್ನು ಆ ಸ್ಥಾನದಲ್ಲಿ ಕೂಡಿಸಿ, ಭಂಡಾರಕ್ಕೆ ಮತ್ತೆ ಗುರುತು ಹಿಡಿಸಿದರು. ಜಮೆ ಮತ್ತು ಮುಂಗಡದ ಲೆಕ್ಕ ಜನವರಿಯ ಪ್ರತಿಯವರೆಗೆ ಸಿಕ್ಕಿತು. ಅಲ್ಲಿಂದ ಆಗಸ್ಟಿನವರೆಗೆ ಯಾರಿಗೆ ಎಷ್ಟು ಕೊಟ್ಟೆವು, ಯಾರದು ಎಷ್ಟು ಉಳಿಯಿತು ಎಂಬುದಿಲ್ಲ. ಬ್ಯಾಂಕಿನ ಪಾಸ್‌ಬುಕ್ಕು, ರೈತರ ಬಳಿಯ ಪಟ್ಟಿಗಳು, ಗುಮಾಸ್ತನ ಚೀಟಿಗಳು ಇವನ್ನೆಲ್ಲ ಕೂಡಿಸಿ ಮೂರು ವಾರ ಕುಳಿತಾಗ 183 ಖಾತೆಗಳು ಸರಿಹೊಂದಿದವು. 31 ಖಾತೆಗಳು ಬಗೆಹರಿಯಲಿಲ್ಲ.

ನಿಜವಾದ ಪರೀಕ್ಷೆ ಇಲ್ಲಿಂದ ಆರಂಭವಾಯಿತು. ಖಾಲಿ ಸ್ಥಳವನ್ನು ನೋಡಿದರೆ ಲೆಕ್ಕಿಗನ ಮನಸ್ಸು ತಡೆಯಲಾರದು. ಮಾರಾಟದ ಅಂಕಿಗಳಿವೆ, ಹಿಂದಿನ ವರ್ಷಗಳ ರೂಢಿಯಿದೆ, ಇಂಥವರು ಇಷ್ಟು ಒಯ್ದಿರಬಹುದೆಂದು ಊಹಿಸಿ ದಿನಾಂಕ ಸಹಿತ ಬರೆದುಬಿಟ್ಟರೆ ಪುಟ ತುಂಬುತ್ತದೆ, ಜಮೆ-ಖರ್ಚು ತಾಳೆಯಾಗುತ್ತದೆ, ಯಾರಿಗೂ ಅನುಮಾನ ಬಾರದು. ಒಂದು ಸಂಜೆ ಹಾಗೆ ನಾಲ್ಕು ಖಾತೆಗಳನ್ನು ಬರೆದೂ ಬಿಟ್ಟೆ. ಓದಿ ನೋಡಿದಾಗ ಅವು ನಿಜವಾದ ಲೆಕ್ಕಕ್ಕಿಂತಲೂ ಅಚ್ಚುಕಟ್ಟಾಗಿದ್ದವು. ಅದನ್ನು ಕಂಡು ಹೆದರಿ ಅಳಿಸಿದೆ. ಆಮೇಲೆ 31 ಜನರಿಗೂ ಹೇಳಿಕಳಿಸಿ, ನಿಮ್ಮ ನೆನಪಿನಲ್ಲಿ ಎಷ್ಟಿದೆಯೋ ಹೇಳಿರಿ, ಅದನ್ನೇ ಬರೆದುಕೊಳ್ಳುತ್ತೇನೆ ಎಂದೆ.

ಅವರು ಒಬ್ಬೊಬ್ಬರಾಗಿ ಬಂದರು. ಮುಂಗಡ ಪಡೆದವರು ಏಳು ಜನ; ತಾವೇ ಬಂದು ತಮ್ಮ ಸಾಲ ಇಷ್ಟೆಂದು ಬರೆಸಿದರು. ಭೀಮೆಯ ಆಚೆಯಿಂದ ಒಬ್ಬ ವೃದ್ಧೆ ಬಂದರು. ಅಂಗಡಿಯಲ್ಲಿಟ್ಟ ಹಣವನ್ನು ಮನೆಯ ಗೋಡೆಯ ಮೇಲೆ ಸುಣ್ಣದ ಗೀಟುಗಳಿಂದ ಗುರುತಿಡುವುದು ಅವರ ಪದ್ಧತಿ. ಮಳೆಗಾಲದಲ್ಲಿ ಆ ಗೋಡೆ ನೆನೆದು ಕೆಲವು ಗೀಟು ಹೋಗಿದ್ದವಂತೆ. “ಹದಿನೆಂಟು ಸಾವಿರ ಇರಬೇಕರಿ” ಎಂದರು. ಅವರು ಆ ವರ್ಷ ಎರಡು ಸಲ ಮಾಲು ಹಾಕಿದ್ದು ನನಗೆ ಮಸುಕಾಗಿ ನೆನಪಿತ್ತು. ಇಪ್ಪತ್ತು ಸಾವಿರಕ್ಕೆ ಮೇಲಿರಬೇಕೆಂದು ಒಳಗಿನಿಂದ ತೋರಿತು. ಆದರೂ “ಆಗಲಿ” ಎಂದು 18,000 ಬರೆದುಕೊಂಡೆ. ಅವರ ಮಾತನ್ನೇ ಒಪ್ಪಿದೆನಲ್ಲ, ಇದರಲ್ಲಿ ನನ್ನ ದೋಷವೇನು ಎಂದು ಸಮಾಧಾನವನ್ನೂ ಹೇಳಿಕೊಂಡೆ.

ಅದು ದಶಲಕ್ಷಣ ಪರ್ವದ ಕಾಲ. ಸಂಜೆಯ ಸ್ವಾಧ್ಯಾಯದಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದುತ್ತಿದ್ದರು. ಅಸತ್ಯಕ್ಕೂ ಹಿಂಸೆಗೂ ಮೂಲದಲ್ಲಿ ಪ್ರಮಾದವಿದೆಯೆಂಬ ವಿಚಾರ ಬಂದಾಗ, ಬೇಕೆಂದು ಮಾಡಲಿಲ್ಲ ಎಂಬ ನನ್ನ ಸಮರ್ಥನೆ ಕುಸಿಯಿತು. ಮುಂದೆ ಸತ್ಯಾಣುವ್ರತದ ಐದು ಅತಿಚಾರಗಳು ಬಂದವು. ಅವುಗಳಲ್ಲಿ ಎರಡು ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ. ಇನ್ನೊಬ್ಬರು ಹೇಳದೆ ಮಾಡದೆ ಇದ್ದದ್ದನ್ನು ಹೇಳಿದಂತೆ ಮಾಡಿದಂತೆ ಬರೆಯುವುದು ಮೊದಲನೆಯದು. ಎರಡನೆಯದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಕೇಳಿ ನನ್ನ ಮೈ ಜುಮ್ಮೆಂದಿತು: ಒತ್ತೆಯಿಟ್ಟವನು ತಾನಿಟ್ಟ ಹಣದ ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ, ಹಾಗೆಯೇ ಆಗಲಿ ಎಂದು ಒಪ್ಪಿಬಿಡುವುದು ನ್ಯಾಸಾಪಹಾರ. ಸುಳ್ಳು ಹೇಳಬೇಕೆಂದೇನಿಲ್ಲ, ಒಪ್ಪಿದರೆ ಸಾಕು. ಗಣಕಯಂತ್ರವನ್ನು ಕನಸಿನಲ್ಲಿಯೂ ಕಾಣದ ಆಚಾರ್ಯರು ಸಾವಿರದ ನಾಲ್ಕುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನನ್ನ ಅಂಗಡಿಯ ಎರಡು ಪ್ರಸಂಗಗಳನ್ನೂ ಹೆಸರಿಟ್ಟು ಬರೆದಿಟ್ಟಿದ್ದರು.

ಮರುದಿನವೇ ನದಿ ದಾಟಿ ಆ ವೃದ್ಧೆಯ ಮನೆಗೆ ಹೋದೆ. ನನ್ನ ನೆನಪಿನಲ್ಲಿದ್ದದ್ದನ್ನು ಹೇಳಿದೆ. ಸಿಕ್ಕಿದ್ದ ಮಾರಾಟದ ಕೋಷ್ಟಕದಿಂದ ಎರಡು ಸಲದ ಮಾಲಿನ ಬೆಲೆ ಓದಿದೆ. ಅವರು ಒಯ್ದ ಹಣವನ್ನು ಮಗನೊಂದಿಗೆ ನೆನೆಸಿ ನೆನೆಸಿ ಹೇಳಿದರು. ಇಪ್ಪತ್ತು ಸಾವಿರಕ್ಕೆ ಕಡಿಮೆಯಿಲ್ಲವೆಂದು ಇಬ್ಬರಿಗೂ ನಿಶ್ಚಯವಾಗಿ, ಹಾಗೆ ಬರೆದೆವು.

ಹೀಗೆ ತುಂಬಿದ ಅಂಕಿಗಳನ್ನು ಹೊಸ ಖತಾವಣಿಯಲ್ಲಿ ಬೇರೆಯಾಗಿ ಕಾಣಿಸಬೇಕೆಂದು ತೀರ್ಮಾನಿಸಿದೆ. ಶಾಸನಗಳನ್ನು ಅಚ್ಚುಮಾಡುವ ವಿದ್ವಾಂಸರ ಕ್ರಮ ಇದಕ್ಕೆ ಮಾದರಿಯಾಯಿತು. ಕಲ್ಲು ಸವೆದು ಅಕ್ಷರ ಹೋದಲ್ಲಿ ಅವರು ಚುಕ್ಕಿಗಳನ್ನಿಡುತ್ತಾರೆ. ಸಂದರ್ಭದಿಂದ ಊಹಿಸಿದ ಅಕ್ಷರವನ್ನು ಕಂಸದೊಳಗೆ ಇಡುತ್ತಾರೆ. ಕಲ್ಲು ಹೇಳಿದ್ದೆಷ್ಟು, ತಾವು ಹೇಳಿದ್ದೆಷ್ಟು ಎಂಬುದು ಓದುಗನಿಗೆ ತಿಳಿಯುತ್ತದೆ. ನಾನೂ 31 ಖಾತೆಗಳ ಮೊತ್ತವನ್ನು ಕಂಸದಲ್ಲಿ ಬರೆದು, ‘ಖಾತೆದಾರರ ಹೇಳಿಕೆಯಂತೆ’ ಎಂದು ಪಕ್ಕದಲ್ಲಿ ನಮೂದಿಸಿ, ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆದೆ.

ದೀಪಾವಳಿಗೆ ಒಂದು ವಾರ ಮೊದಲು ತಂತ್ರಜ್ಞರಿಂದ ಕರೆ ಬಂತು. ಅಳಿದ ಕಡತದ ಚೂರುಗಳನ್ನು ಡಿಸ್ಕಿನ ಪ್ರತಿಯಿಂದ ಹೆಕ್ಕಿದ್ದರು. ಆ ಭಂಡಾರದಲ್ಲಿ ಬರಹವು 16 ಕಿಲೋಬೈಟಿನ ಪುಟಗಳಾಗಿ ವಿಂಗಡವಾಗಿರುತ್ತದೆ. ಪ್ರತಿ ಪುಟವೂ ತನ್ನೊಳಗಿನ ಬರಹದಿಂದ ಲೆಕ್ಕಹಾಕಿದ ಒಂದು ಸಂಖ್ಯೆಯನ್ನು ಹೊತ್ತಿರುತ್ತದೆ. ಮತ್ತೆ ಲೆಕ್ಕಹಾಕಿದಾಗ ಅದೇ ಸಂಖ್ಯೆ ಬಂದರೆ ಪುಟ ಅಖಂಡ, ಬಾರದಿದ್ದರೆ ಭಗ್ನ. ತಾನು ನಂಬಿಕೆಗೆ ಅರ್ಹವೋ ಅಲ್ಲವೋ ಎಂದು ಪುಟವೇ ಸಾಕ್ಷಿ ಹೇಳುತ್ತದೆ. ಅಖಂಡವಾಗಿ ದೊರೆತ ಪುಟಗಳಲ್ಲಿ ನಮ್ಮ 31ರ ಪೈಕಿ 22 ಖಾತೆಗಳಿದ್ದವು.

ತಾಳೆ ನೋಡಿದೆವು. 15 ಖಾತೆಗಳು ರೂಪಾಯಿ ಹೆಚ್ಚುಕಡಿಮೆಯಿಲ್ಲದೆ ರೈತರ ಮಾತಿನಂತೆಯೇ ಇದ್ದವು. ನಾಲ್ವರು ತಮಗೆ ಬರಬೇಕಾದ್ದಕ್ಕಿಂತ ಕಡಿಮೆ ಹೇಳಿದ್ದರು. ಇಬ್ಬರು ಹೆಚ್ಚು ಹೇಳಿದ್ದರು. ಒಬ್ಬರಿಗೆ ತಿಂಗಳು ತಪ್ಪಿತ್ತು, ಇನ್ನೊಬ್ಬರದು 600 ರೂಪಾಯಿಯ ಮಾತು, ಕಾರಣ ನಾನು ಕೇಳಲಿಲ್ಲ. ಪುಟ ತೋರಿಸಿದಾಗ ಇಬ್ಬರೂ ಮುಂದಿನ ಪಟ್ಟಿಯಲ್ಲಿ ಮುರಿದುಕೊಳ್ಳಿರಿ ಎಂದರು. ನದಿಯಾಚೆಯ ವೃದ್ಧೆಯದು 21,500 ಇತ್ತು. ಉಳಿದ ಹಣದ ಸುದ್ದಿ ಒಯ್ದಾಗ ಅವರು ಬೆರಳಲ್ಲಿ ಎಣಿಸಿ, “ಮತ್ತ ಇಷ್ಟ ದಿನದ ಬಡ್ಡಿ, ಸಾವುಕಾರ್ರ?” ಎಂದು ಕೇಳಿದರು. ನ್ಯಾಯವಾದ ಮಾತು, ಕೊಟ್ಟೆ.

ಇಪ್ಪತ್ತೆರಡನೆಯ ಖಾತೆ ನನ್ನ ಕಣ್ಣು ತೆರೆಯಿಸಿತು. ಆ ರೈತ ಹೇಳಿದ ಮೊತ್ತಕ್ಕೂ ಪುಟದ ಮೊತ್ತಕ್ಕೂ ಅಂತರವಿತ್ತು. ಅವರು ಜೋಪಾನವಾಗಿಟ್ಟಿದ್ದ ಪಟ್ಟಿಗಳನ್ನು ತರಿಸಿ ನೋಡಿದರೆ ತಪ್ಪು ಅವರದಲ್ಲ, ಪುಟದ್ದು. ಪಟ್ಟಿ ಮಾಡುವಾಗ ಒಮ್ಮೆ ಹಿಡಿದ ಹಮಾಲಿಯನ್ನು ತಿಂಗಳ ಕೊನೆಗೆ ಜಮಾ ಖಾತೆಯಲ್ಲಿ ಇನ್ನೊಮ್ಮೆ ಹಿಡಿದಿದ್ದೆವು. ಹುಡುಕುತ್ತ ಹೋದಾಗ ಇನ್ನೂ ಆರು ಖಾತೆಗಳಲ್ಲಿ, 2015ರಿಂದ, ಅದೇ ತಪ್ಪು ನಡೆದುಬಂದದ್ದು ತಿಳಿಯಿತು. ಏಳೂ ಜನಕ್ಕೆ ಸೇರಿ 11,340 ರೂಪಾಯಿ ಹಿಂದಿರುಗಿಸಿದೆ. ಖತಾವಣಿ ಅಳಿಯದೆ ಇದ್ದಿದ್ದರೆ ಈ ತಪ್ಪು ಎಂದಿಗೂ ಬಯಲಾಗುತ್ತಿರಲಿಲ್ಲ. ರೈತನ ನೆನಪನ್ನು ಯಂತ್ರದಿಂದ ಪರೀಕ್ಷಿಸಲು ಹೊರಟಿದ್ದ ನನಗೆ, ಯಂತ್ರವನ್ನೂ ರೈತನ ಚೀಟಿಯಿಂದ ಪರೀಕ್ಷಿಸಬೇಕೆಂದು ಅಂದು ತಿಳಿಯಿತು.

ಪ್ರತಿ ಮಾಡುವುದರ ಬೆಲೆಯನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದನ್ನು ನಾವು ಶಾಸ್ತ್ರದಾನವೆಂದು ಕೊಂಡಾಡುತ್ತೇವೆ. ಅದು ಕಾವ್ಯಕ್ಕೆ ಕೊಟ್ಟ ಅಭಯದಾನವೂ ಹೌದು. ಇದಕ್ಕೆ ಪ್ರತಿಯಾಗಿ, ವೀರಸೇನಾಚಾರ್ಯರ ಧವಲಾ ಟೀಕೆಯ ಪ್ರಾಚೀನ ಓಲೆಪ್ರತಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲಿಯೇ ಶತಮಾನಗಳ ಕಾಲ ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ನಕಲಿನ ಕಾರ್ಯ ಮೊದಲಾಗಿ, 1939ರಿಂದ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮುದ್ರಣವಾಗತೊಡಗಿದ ಮೇಲೆಯೇ ಆ ಸಂಪತ್ತು ನಿರ್ಭಯವಾಯಿತು. ನಡುವೆ ಒಂದು ಬೆಂಕಿ, ಒಂದು ನೆರೆ ಬಂದಿದ್ದರೆ ಗತಿಯೇನು?

ಆದುದರಿಂದ ಟ್ರಸ್ಟುಗಳ ಕಾರ್ಯಕರ್ತರಲ್ಲಿ ನನ್ನ ವಿನಂತಿ ಇಷ್ಟು. ಶಾಶ್ವತ ಪೂಜೆಯ ನಿಧಿ, ದಾನಿಗಳ ಹೆಸರು, ವಿದ್ಯಾರ್ಥಿವೇತನ ಇವುಗಳ ಲೆಕ್ಕಕ್ಕೆ ಮೂರು ಪ್ರತಿಗಳಿರಲಿ. ಒಂದು ಬೇರೆ ಊರಿನಲ್ಲಿರಲಿ. ತಿಂಗಳಿಗೊಮ್ಮೆ ಒಂದು ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ಓದಿರಿ. ತೆರೆದು ಓದದ ಪ್ರತಿಯನ್ನು ಪ್ರತಿಯೆಂದು ನಂಬಬೇಡಿರಿ. ರಸೀದಿ ಪುಸ್ತಕದ ಉಳಿಕೆ ಭಾಗವನ್ನು ಎಸೆಯಬೇಡಿರಿ. ಆಕಸ್ಮಿಕವಾಗಿ ಅಳಿದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿರಿ, ಯಂತ್ರವನ್ನು ನಿಲ್ಲಿಸಿರಿ, ಆ ದಿನವೇ ನಾಲ್ವರಿಗೆ ಹೇಳಿರಿ. ದಾನಿಯೊಬ್ಬರು ತಮ್ಮ ದಾನವನ್ನು ಮರೆತಿದ್ದರೆ ಆ ಮರೆವಿನಿಂದ ಸಂಸ್ಥೆಗೆ ಲಾಭವಾಗದಿರಲಿ.

ಆ ವರ್ಷದ ದೀಪಾವಳಿಯಂದು ಹೊಸ ಕಿರ್ದಿ ಪೂಜೆಗಿಟ್ಟಾಗ ಗಣಕಯಂತ್ರದ ಪಕ್ಕದಲ್ಲಿ ತಂದೆಯವರ ಕಾಲದ ಹಾಗೆ ಒಂದು ಕೆಂಪು ರಟ್ಟಿನ ಪುಸ್ತಕವನ್ನೂ ಇಟ್ಟೆ. ತಿಂಗಳ ಕೊನೆಗೆ ಪ್ರತಿ ಖಾತೆಯ ಮೊತ್ತವನ್ನು ಅದರಲ್ಲಿ ಕೈಯಿಂದ ಬರೆಯುತ್ತೇನೆ. ಪುಟವೇ ಸಿಗದ ಒಂಬತ್ತು ಖಾತೆಗಳು ಮೊದಲ ಹಾಳೆಯಲ್ಲಿವೆ. ಅವುಗಳ ಕಂಸವನ್ನು ನಾನು ಇಂದಿಗೂ ತೆಗೆದಿಲ್ಲ.